ಚಿತ್ರದಲ್ಲಿ ಬಿಟ್ಟುಹೋದ ಕೆಪಾಸಿಟರ್

ಸಿಂದಗಿಯಲ್ಲಿ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುವಾಗ ನಮ್ಮ ಸರ್ ಬೋರ್ಡಿನ ಮೇಲೆ ರೇಡಿಯೊ ಅಲೆ ಹುಟ್ಟಿಸುವ ಎಫ್‌ಎಂ ಆಸಿಲೇಟರಿನ ಚಿತ್ರ ಬರೆದರು. ಒಂದು ಟ್ರಾನ್ಸಿಸ್ಟರ್, ಒಂದು ಕಾಯಿಲ್, ಅದಕ್ಕೆ ಅಂಟಿಕೊಂಡು ಒಂದು ಕೆಪಾಸಿಟರ್, ಮಾತು ಹಿಡಿಯಲು ಒಂದು ಮೈಕ್. ನಾನು ಎದ್ದು ನಿಂತೆ.

"ಸರ್, ಬ್ಯಾಟರಿ ಒಂದ ಸಮ ಕರೆಂಟ್ ಕೊಡತೈತಿ. ಅದರಿಂದ ಅಲೆ ಹೆಂಗ ಹುಟ್ಟತೈತ್ರಿ?"

"ಹೆಂಗಂತ ಪೇಪರ್‌ನ್ಯಾಗ ಯಾರೂ ಕೇಳೂದಿಲ್ಲ. ಚಿತ್ರ ಬರಿ, ಮಾರ್ಕ್ಸ್ ಬರ್ತಾವ."

ಕ್ಲಾಸೆಲ್ಲ ನಕ್ಕಿತು. ನನ್ನ ಮುಖ ಉರಿಯಿತು.

ಆ ಸಿಟ್ಟಿನಲ್ಲೇ ಕನ್ನೊಳ್ಳಿಯ ನಮ್ಮ ಮನೆಯಲ್ಲಿ ಕೂತು, ಪೆನ್ನಿಗೆ ತಾಮ್ರದ ತಂತಿ ಸುತ್ತಿ ಕಾಯಿಲ್ ಮಾಡಿ, ಅವರ ಚಿತ್ರದಲ್ಲಿದ್ದಂತೆಯೇ ಜೋಡಿಸಿದೆ. ರೇಡಿಯೊದ ಮುಳ್ಳನ್ನು ಎಲ್ಲಿಗೆ ತಿರುಗಿಸಿದರೂ ಬರೀ ಸೊರ್ ಸದ್ದು. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ಬೆರಳು ಸುಟ್ಟುಕೊಂಡೆ, ಬಾಯಿಗೆ ಬಂದಂತೆ ಬೈದೆ.

"ಅದನ್ಯಾಕ ಬೈತಿ? ಅದಕ್ಕೇನ್ ಕಿವಿ ಅದಾವೇನು?" ಎಂದಳು ಅವ್ವ.

ಕೊನೆಗೆ ಫೋನಿನಲ್ಲಿ ಬೇರೆ ಚಿತ್ರಗಳನ್ನು ಹುಡುಕಿ ಹೋಲಿಸಿ ನೋಡಿದೆ. ಎಲ್ಲದರಲ್ಲೂ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಿಂದ ಎಮಿಟರ್ ಎಂಬ ಕಾಲಿಗೆ ಇನ್ನೊಂದು ಪುಟ್ಟ ಕೆಪಾಸಿಟರ್ ಇತ್ತು. ಸರ್ ಅದನ್ನೇ ಬಿಟ್ಟಿದ್ದರು. ಅದನ್ನು ಹಾಕಿ ಮುಳ್ಳು ತಿರುಗಿಸಿದೆ. ಒಂದು ಕಡೆ ಸೊರ್ ಸದ್ದು ಥಟ್ಟನೆ ನಿಂತಿತು. ಮೈಕನ್ನು ಉಗುರಿನಿಂದ ತಟ್ಟಿದರೆ ರೇಡಿಯೊದಲ್ಲಿ ಟಕ್ ಟಕ್. ಕೆಪಾಸಿಟರ್ ಕಿತ್ತೆ, ಸೊರ್ ಮರಳಿತು.

ಆಗ ತಿಳಿಯಿತು. ಸ್ವಿಚ್ ಒತ್ತಿದ ಕೂಡಲೇ ಕರೆಂಟಿನಲ್ಲಿ ಏಳುವ ಸಣ್ಣ ನಡುಕ ಕಾಯಿಲಿಗೂ ಅದರ ಪಕ್ಕದ ಕೆಪಾಸಿಟರಿಗೂ ನಡುವೆ ಓಡಾಡುತ್ತದೆ. ಹಾಗೇ ಬಿಟ್ಟರೆ ಸತ್ತುಹೋಗುತ್ತದೆ. ಟ್ರಾನ್ಸಿಸ್ಟರ್ ಅದನ್ನು ದೊಡ್ಡದು ಮಾಡುತ್ತದೆ, ಆ ಪುಟ್ಟ ಕೆಪಾಸಿಟರ್ ಅದರಲ್ಲಿ ತುಸುವನ್ನು ಸರಿಯಾದ ಹೊತ್ತಿಗೆ ಹಿಂದಕ್ಕೆ ಕೊಟ್ಟು ನಡುಕವನ್ನು ಜೀವಂತ ಇಡುತ್ತದೆ. ಅದೇ ಅಲೆ. ನಮ್ಮ ಮಾತು ಆ ಕಂಪನದ ವೇಗವನ್ನು ಕೊಂಚ ಹೆಚ್ಚು ಕಡಿಮೆ ಮಾಡುತ್ತದೆ. ಇಷ್ಟು ಹೇಳಲು ಆ ಮನುಷ್ಯನಿಗೆ ಏನು ಧಾಡಿಯಾಗಿತ್ತು?

ಮರುದಿನ ನಾನು ಜೋಡಿಸಿದ್ದನ್ನು ಒಯ್ದು ಕ್ಲಾಸಿನಲ್ಲೇ ರೇಡಿಯೊ ಹಚ್ಚಿ ತೋರಿಸಿದೆ. "ಸರ್, ನಿಮ್ಮ ಚಿತ್ರದಾಗ ಈ ಕೆಪಾಸಿಟರ್ ಬಿಟ್ಟೈತ್ರಿ. ಇದಿಲ್ದ ನಡಿಯೂದಿಲ್ರಿ."

ಅವರು ಟಕ್ ಟಕ್ ಕೇಳಿಸಿಕೊಂಡರು. "ಪೇಪರ್ ತಿದ್ದಾಂವ ನಾನೋ, ನೀನೋ? ಭಾಳ ಶಾಣ್ಯಾಕಿ ಆಗಬ್ಯಾಡ. ನಾ ಬರದಂಗ ಬರಿ."

"ತಪ್ಪು ಚಿತ್ರ ನಾ ಬರಿಯಂಗಿಲ್ರಿ."

"ಹಂಗಾರ ಹೊರಗ ನಡಿ."

ನಡೆದೆ. ಟೆಸ್ಟಿನಲ್ಲಿ ಸರಿಯಾದ ಚಿತ್ರವನ್ನೇ ಬರೆದೆ. ಪೇಪರ್ ಕೈಗೆ ಬಂದಾಗ ಆ ಪುಟ್ಟ ಕೆಪಾಸಿಟರಿನ ಮೇಲೆ ಕೆಂಪು ಶಾಯಿಯ ಅಡ್ಡಗೆರೆ ಇತ್ತು. "ಸುಮ್ನ ಅವರಂಗ ಬರೀಬೇಕಿತ್ತಲ್ಲ," ಎಂದ ಬೆಂಚಿನ ಗೆಳತಿಯ ಮೇಲೂ ರೇಗಿದೆ.

ಈಗ ನಾನು ಇಂಡಿ ಪಟ್ಟಣದಲ್ಲಿ ಕೆಲಸ ಮಾಡುತ್ತೇನೆ. ಮೊನ್ನೆ ಅದೇ ಕಾಲೇಜು ಸೇರಿದ ಚಿಕ್ಕಪ್ಪನ ಮಗಳು ನೋಟ್ಸ್ ತೋರಿಸಿದಳು. ಅದೇ ಚಿತ್ರ, ಅದೇ ತಪ್ಪು. ತಪ್ಪೆಂದು ಕಿವಿಯಾರೆ ಕೇಳಿಸಿಕೊಂಡ ಮೇಲೂ ಸರ್ ಒಂದು ಗೆರೆ ಸೇರಿಸಿರಲಿಲ್ಲ. ನನಗೆ ಸಿಟ್ಟು ಬಂತು. ಅವಳನ್ನು ಊಟಕ್ಕೂ ಏಳಗೊಡದೆ, ಕೈಗೆ ಬೆಸುಗೆ ಹಾಕುವ ಸೋಲ್ಡರಿಂಗ್ ಕಡ್ಡಿ ಕೊಟ್ಟು, ಆ ಕೆಪಾಸಿಟರ್ ಬಿಟ್ಟು ಒಮ್ಮೆ, ಹಾಕಿ ಒಮ್ಮೆ ಜೋಡಿಸಲು ಕೂರಿಸಿದೆ.