ಆರಿಹೋದ ತಲೆ, ಐದು ಜಾಡಿ

೨೦೧೭ರ ಬೇಸಿಗೆ ಹತ್ತಿರ ಬಂದಂತೆ ನನಗೆ ಒಂದೇ ಚಿಂತೆ: ವಿಜಯವಾಡದ ಅತ್ತೆಯ ಮನೆಯಲ್ಲಿ ಮಾವಿನ ಆವಕಾಯಿ ಉಪ್ಪಿನಕಾಯಿ ಕಲಸುವ ಕೆಲಸ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ. ನಮ್ಮದೂ ಸೇರಿ ಐದು ಮನೆಗೆ ಐದು ಜಾಡಿ. ಒಬ್ಬರಿಗೆ ಬೆಳ್ಳುಳ್ಳಿ ಬೇಡ, ಒಬ್ಬರಿಗೆ ಉಪ್ಪು ಕಮ್ಮಿ, ಇನ್ನೊಬ್ಬರಿಗೆ ಕಡಲೆ ಹಾಕಲೇಬೇಕು. ಅತ್ತೆ ಎಲ್ಲವನ್ನೂ ಒಂದೇ ಉಸಿರಿಗೆ ತೆಲುಗಿನಲ್ಲಿ ಹೇಳುವರು. ಚೀಟಿ ಬರೆದುಕೊಳ್ಳುವುದೆಂದರೆ ಆ ಮನೆಯಲ್ಲಿ ಅವಮಾನ. ಧಾರವಾಡದಿಂದ ಬಂದ ಸೊಸೆ ನಾನು, ಹಿಂದಿನ ವರ್ಷ ಬೆಳ್ಳುಳ್ಳಿ ಮುಟ್ಟದ ದೊಡ್ಡತ್ತೆಯ ಜಾಡಿಗೇ ಬೊಗಸೆಗಟ್ಟಲೆ ಬೆಳ್ಳುಳ್ಳಿ ಸುರಿದಿದ್ದೆ!

ಹಾಗಾಗಿ, ನಾವಿದ್ದ ವಿಶಾಖಪಟ್ಟಣದಲ್ಲಿ ಸಂಶೋಧನೆ ಮಾಡುತ್ತಿದ್ದ ಹುಡುಗಿಯೊಬ್ಬಳು ನೆನಪಿನ ತಾಲೀಮಿಗೆ ಜನ ಬೇಕೆಂದಾಗ ಕುಣಿದುಬಿಟ್ಟೆ. ಹುಬ್ಬಳ್ಳಿಯವಳು ಬೇರೆ! ಮೊದಲು ಮೆದುಳಿನ ಸ್ಕ್ಯಾನ್, ಆಮೇಲೆ ಐದು ವಾರ ಆಟ, ಮತ್ತೆ ಸ್ಕ್ಯಾನ್. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬರುತ್ತವೆ. ಈಗ ಬಂದದ್ದು ಎರಡು ಅಕ್ಷರ ಹಿಂದೆ ಬಂದದ್ದೇ ಆಗಿದ್ದರೆ ಗುಂಡಿ ಒತ್ತಬೇಕು. ಸ್ಕ್ಯಾನಿನೊಳಗೂ ಅದೇ ಆಟ. ಮೊದಲ ವಾರ ಬೆವರು ಕಿತ್ತುಬಂತು. ಐದನೆಯ ವಾರ ಕಾಲು ಕುಣಿಸುತ್ತ ಒತ್ತುತ್ತಿದ್ದೆ.

ಕೊನೆಗೆ ಅವಳು ಎರಡೂ ಚಿತ್ರ ಅಕ್ಕಪಕ್ಕ ಇಟ್ಟಳು. ಮೆದುಳು ದುಡಿದ ಕಡೆಯೆಲ್ಲ ಕೆಂಪು ಬಣ್ಣವಂತೆ. ಮೊದಲನೆಯದರಲ್ಲಿ ಹಣೆಯ ಹಿಂದೆಲ್ಲ ಕೆಂಪೋ ಕೆಂಪು. ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ. ನಾನು ಚೀರಿಯೇ ಬಿಟ್ಟೆ.

“ಅಯ್ಯ ನಮ್ಮವ್ವ! ಇದ್ದದ್ದೂ ಆರಿಹೋತಲ್ಲೇ ತಂಗಿ!”

ಅವಳು ಬಿದ್ದು ಬಿದ್ದು ನಕ್ಕಳು. “ಆರಿಲ್ರೀ ಅಕ್ಕಾರ. ಮೊದಲನೇ ಸಲ ರೊಟ್ಟಿ ಬಡಿಯೋವಾಗ ಮನಿ ತುಂಬ ಹಿಟ್ಟು, ಈಗ ಹಂಗಾಗ್ತದೇನು? ಕೆಲಸ ಅಷ್ಟೇ, ಒದ್ದಾಟ ಕಮ್ಮಿ. ಆದ್ರ ಉಪ್ಪಿನಕಾಯಿಗೂ ಇದು ಉಪಯೋಗ ಆಗ್ತದಂತ ನಾ ಹೇಳೂದಿಲ್ಲ ಮತ್ತ.”

ಕೊನೆಯ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಖುಷಿಯಲ್ಲಿ ಸಮುದ್ರದ ದಂಡೆಗೆ ಹೋಗಿ ಎರಡು ಪ್ಲೇಟು ಮೆಣಸಿನಕಾಯಿ ಬಜ್ಜಿ ತಿಂದೆ.

ವಿಜಯವಾಡದಲ್ಲಿ ಅತ್ತೆ ಹೇಳುತ್ತ ಹೋದರು, ನಾನು ಹರಟುತ್ತಲೇ ಕಲಸಿದೆ. ನಾಲ್ಕು ಮನೆಯವರೂ ಬಂದು, ಬಿಸಿ ಅನ್ನಕ್ಕೆ ಕಲಸಿ ರುಚಿ ನೋಡಿ, ಜಾಡಿ ಅಪ್ಪಿಕೊಂಡು ಹೋದರು. ಒಂದೂ ತಪ್ಪಿರಲಿಲ್ಲ! ನಾನು ನೆಲದ ಮೇಲೆ ಕಾಲು ನಿಲ್ಲದೆ ವಿಶಾಖಪಟ್ಟಣದ ರೈಲು ಹತ್ತಿದೆ. ಮನೆಗೆ ಬಂದು ಚೀಲ ಬಿಚ್ಚಿದರೆ, ನಮ್ಮ ಜಾಡಿಯೇ ಇಲ್ಲ; ಅದನ್ನು ಕಲಸಿಯೇ ಇರಲಿಲ್ಲ.

ಮುಗಿಯಿತು ನನ್ನ ಕಥೆ ಎಂದು ಫೋನ್ ಮಾಡಿದೆ. ಆಚೆ ಕಡೆ ಅತ್ತೆ ನಗು ತಡೆಯಲಾಗದೆ ಕೆಮ್ಮುತ್ತಿದ್ದರು. ನನಗಾಗಿ ಕಲಿತ ಮುರುಕು ಕನ್ನಡದಲ್ಲಿ ಹೇಳಿದರು:

“ಪರ್ವಾಲೇದು, ಪರವಾಗಿಲ್ಲ ಅಮ್ಮಾಯಿ. ನಾನೂ ಮೊದಲ ಸಾರಿ ಎಲ್ಲರದ್ದೂ ಸರಿ ಕಲಸಿ, ನಮ್ಮದೇ ಮರೆತಿದ್ದೆ. ಮುಂದಿನ ವರ್ಷ ನೀನು ಹೇಳು, ನಾನು ಕಲಸ್ತೀನಿ.”