ಕೆಂಪು ಬಾವುಟಕ್ಕೆ ನಿಂತ ಓಟಗಾರರು

ಆಗ ನಾವು ವಡೋದರಾದ ಫತೇಗಂಜ್‌ನಲ್ಲಿ ಬಾಡಿಗೆಗಿದ್ದೆವು. ನಾನು ರೈಲ್ವೆಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತೆ. ನನ್ನ ಯಜಮಾನರಿಗೆ ಸೂರತ್‌ನ ಉಧ್ನಾದಲ್ಲಿ ಬಟ್ಟೆ ಮಿಲ್ಲಿನ ಕೆಲಸ. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಮನೆಗೆ ಬರುತ್ತಿದ್ದರು. ಆ ಚಳಿಗಾಲದಲ್ಲಿ ಅತ್ತೆ ಗದಗಿನಿಂದ ಬಂದಿದ್ದರು. ನಾನು ಮೈಸೂರಿನವಳು. ಅವರ ಕನ್ನಡ ನನಗೆ ಪೂರ್ತಿ ಅರ್ಥವಾಗಲು ಮದುವೆಯಾಗಿ ಎರಡು ವರ್ಷ ಹಿಡಿಯಿತು. ನನ್ನದೂ ಕನ್ನಡವೇ ಎಂದು ಅವರು ಇನ್ನೂ ಒಪ್ಪಿರಲಿಲ್ಲ.

ಅದೇ ಹೊತ್ತಿಗೆ ಊರಿನಲ್ಲಿ ಹಲವು ದೇಶಗಳ ರೈಲ್ವೆ ನೌಕರರ ಕ್ರಾಸ್ ಕಂಟ್ರಿ ಓಟದ ಅಂತರರಾಷ್ಟ್ರೀಯ ಪಂದ್ಯ ಬಂತು. ಮೈದಾನದಲ್ಲಿ ಸುತ್ತು ಹಾಕುವ ಓಟವಲ್ಲ ಇದು; ಹೊಲ, ಹಳ್ಳ, ದಿಬ್ಬ ಹಾದು ಓಡುವಂಥದ್ದು. ಓಡುವವರು ಅವರವರ ದೇಶದಲ್ಲಿ ರೈಲು ನಡೆಸುವವರು, ಟಿಕೆಟ್ ನೋಡುವವರು, ಹಳಿ ರಿಪೇರಿ ಮಾಡುವವರು. ದಾರಿಯ ತಿರುವುಗಳಲ್ಲಿ ನಿಲ್ಲಲು ಜನ ಬೇಕೆಂದಾಗ ನಮ್ಮ ಆಫೀಸಿನಿಂದ ನನ್ನ ಹೆಸರೂ ಹೋಯಿತು. ನಾನು ಶಾಲೆಯಲ್ಲಿ ಖೋಖೋ ಆಡಿದ್ದೆನೆಂದು ಯಾವಾಗಲೋ ಬಾಯಿ ತಪ್ಪಿ ಹೇಳಿದ್ದೇ ಕಾರಣ.

ಓಟದ ಉಸ್ತುವಾರಿ ಸಾಹೇಬರ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಹಿಂದಿನ ದಿನ ಅವರು ನಮ್ಮೆಲ್ಲರಿಗೂ ಒಂದು ಹಸಿರು, ಒಂದು ಕೆಂಪು ಬಾವುಟ ಕೊಟ್ಟರು. ರೈಲಿನ ಗಾರ್ಡುಗಳು ಹಿಡಿಯುವ ಬಾವುಟಗಳೇ. ಹಸಿರು ತೋರಿಸಿದರೆ ದಾರಿ ಇದೇ ಎಂದರ್ಥ.

"ಔರ್ ಲಾಲ್, ಸರ್?" ಎಂದು ಕೆಂಪನ್ನು ತೋರಿಸಿ ಕೇಳಿದೆ.

"ವೋ ತೋ ಜೋಡೀ ಮೇಂ ಆತೀ ಹೈ, ಮೇಡಂ. ಬಗಲ್ ಮೇಂ ದಬಾಕೇ ರಖಿಯೇ" ಎಂದರು. ಅದು ಜೋಡಿಯಲ್ಲಿ ಬರುತ್ತದೆ ಅಷ್ಟೇ, ಕಂಕುಳಲ್ಲಿ ಅವುಚಿಟ್ಟುಕೊಳ್ಳಿ ಎಂದು.

ಓಟ ಇದ್ದದ್ದು ಶನಿವಾರ ಬೆಳಿಗ್ಗೆ. ಭಾಷೆ ಬಾರದ ಊರಿನಲ್ಲಿ ಅತ್ತೆಯನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆಂದು ನಾನು ಯೋಚಿಸುತ್ತಿದ್ದರೆ, ಅವರು ಆಗಲೇ ಸೆರಗು ಸುತ್ತಿಕೊಂಡು, ಮಗನ ಮಂಕಿ ಕ್ಯಾಪ್ ಹಾಕಿಕೊಂಡು, ಕ್ಯಾನಿನಲ್ಲಿ ಮಜ್ಜಿಗೆ ತುಂಬಿಸಿ ಬಾಗಿಲಲ್ಲಿ ನಿಂತಿದ್ದರು.

"ಓಡಾವ್ರಿಗೆ ಯಾರು ಬೆನ್ನ ಹತ್ತಿರತಾರ?" ಎಂದು ಆಫೀಸಿನ ಜೀಪಿನಲ್ಲಿ ಕೇಳಿದರು.

"ಯಾರೂ ಇಲ್ಲ ಅತ್ತೆ. ಸುಮ್ನೆ ಓಡ್ತಾರೆ."

"ಸುಮ್ಮನ ಓಡಾಕ ವಿಮಾನ ಹತ್ತಿ ಬಂದಾರ? ಅವರ ಊರಾಗ ಹೊಲ ಇಲ್ಲೇನು?"

ನಾನು ಮಜ್ಜಿಗೆಯ ಕ್ಯಾನು ತುಳುಕದಂತೆ ಹಿಡಿದುಕೊಂಡೆ.

ನಮ್ಮ ಜಾಗ ಊರಾಚೆ, ಒಂದು ಔಡಲದ ಹೊಲದ ಮೂಲೆ. ಓಟದ ದಾರಿ ಹೊಲದ ಬದುವಿಗೆ ಹತ್ತಿಕೊಂಡು ಬಂದು ಅಲ್ಲಿ ಥಟ್ಟನೆ ತಿರುಗುತ್ತಿತ್ತು. ದಾರಿಯ ಆಚೆ ಒಂದು ಕೆರೆ. ಮೊದಲು ಹೆಂಗಸರ ಓಟ. ನಾನು ಹಸಿರು ಬಾವುಟ ಬೀಸಿದೆ, ಅವರು ತಿರುಗಿ ಹೋದರು, ಯಾವ ತೊಂದರೆಯೂ ಆಗಲಿಲ್ಲ. ಚಡ್ಡಿ ತೊಟ್ಟ ಹುಡುಗಿಯರನ್ನು ಕಂಡು ಅತ್ತೆ ಏನನ್ನುತ್ತಾರೋ ಎಂದು ನನಗೆ ಒಳಗೊಳಗೇ ಅಳುಕು.

"ಚಡ್ಡಿ ಸಣ್ಣದಾತು," ಎಂದು ಕೊನೆಗೆ ತೀರ್ಪು ಕೊಟ್ಟರು. "ಆದ್ರ ಸೀರಿ ಉಟ್ಟು ಹಿಂಗ ಓಡಾಕ ಬರೂದಿಲ್ಲ ಬಿಡು."

ಆಮೇಲೆ ಗಂಡಸರ ಓಟ. ಅವರು ಅದೇ ದಾರಿಯಲ್ಲಿ ಹಲವು ಸುತ್ತು ಬರಬೇಕಿತ್ತು. ಎಲ್ಲರಿಗಿಂತ ಬಹಳ ಮುಂದೆ ಒಬ್ಬ ಎತ್ತರದ, ಕೆಂಪು ಮೀಸೆಯ ವಿದೇಶಿ. ಹಿಂದೆ ಒಬ್ಬ ನಮ್ಮ ದೇಶದವನು. ಅವನ ಹಿಂದೆ ಮಿಕ್ಕವರು ಗುಂಪಾಗಿ. ಎರಡು ಸಲ ಸುತ್ತಿ ಹೋದರು. ಮೂರನೆಯ ಸುತ್ತಿಗೆ ಅವರು ಇನ್ನೂ ದೂರದಲ್ಲಿರುವಾಗ, ನಮ್ಮ ಹಿಂದಿನ ಔಡಲದ ಗಿಡಗಳು ಅಲುಗಾಡಿದವು. ಒಂದು ಎಮ್ಮೆ ತಲೆ ಹೊರಗೆ ಹಾಕಿತು. ಅದರ ಹಿಂದೆ ಇನ್ನೊಂದು. ನೋಡನೋಡುತ್ತಿದ್ದಂತೆ ಒಂದು ಇಡೀ ಹಿಂಡು ಓಟದ ದಾರಿಗೆ ಇಳಿದು, ಕೆರೆಯ ಕಡೆ ನಿಧಾನವಾಗಿ ಹೊರಟಿತು.

ನಾನು ಬಾವುಟಗಳನ್ನು ಅತ್ತೆಯ ಕೈಗೆ ತುರುಕಿ ಓಡಿದೆ. ದುಪ್ಪಟ್ಟಾ ಬೀಸಿದೆ. "ಹುಶ್! ಹೋಗು! ಹಟೋ!" ಎಂದೆ. ಗುಜರಾತಿ ಎಮ್ಮೆಗಳಿಗೆ ಕನ್ನಡವೂ ಹಿಂದಿಯೂ ಒಂದೇ. ಮುಂದಿದ್ದ ಎಮ್ಮೆ ನನ್ನನ್ನು ನೋಡಿ, ನಾನು ನೋಡಲು ಯೋಗ್ಯಳಲ್ಲವೆಂದು ತಿಳಿದು ಮುಖ ತಿರುಗಿಸಿತು. ಹಿಂಡಿನ ಹಿಂದೆ ಬಿಳಿ ಮೀಸೆಯ ಒಡೆಯ ಕೋಲಿಗೆ ಆತುಕೊಂಡು ನಿಂತಿದ್ದ.

"ಕಾಕಾ, ಜಲ್ದಿ! ರೇಸ್ ಆ ರಹೀ ಹೈ!" ಎಂದು ಕೂಗಿದೆ.

"ಭೇಂಸ್‌ನೇ ಕ್ಯಾಂ ಉತಾವಳ್ ಛೇ, ಬೇನ್?" ಎಂದ. ಎಮ್ಮೆಗೆಲ್ಲಿಯ ಅವಸರ ತಾಯಿ, ಎಂದು.

ಹಿಂದಿನಿಂದ ಹೆಜ್ಜೆಗಳ ದಬದಬ ಕೇಳಿಸಿತು. ಹೋಯಿತು, ಯಾರದಾದರೂ ಕಾಲು ಮುರಿಯುವುದು ಖಂಡಿತ ಎಂದುಕೊಂಡು ತಿರುಗಿ ನೋಡಿದೆ. ಅತ್ತೆ ದಾರಿಯ ನಟ್ಟನಡುವೆ, ಕೆಂಪು ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆತ್ತಿ ನಿಂತಿದ್ದರು.

ಕೆಂಪು ಮೀಸೆಯವನು ಗಕ್ಕನೆ ನಿಂತ. ಅವನ ಹಿಂದಿನವನು ನಿಂತ. ಆಮೇಲೆ ಬಂದ ಗುಂಪೂ ಒಬ್ಬರ ಹಿಂದೊಬ್ಬರಾಗಿ ನಿಂತಿತು. ಪಕ್ಕದಲ್ಲಿ ನುಸುಳಿ ಹೋಗಲು ಬೇಕಾದಷ್ಟು ಜಾಗವಿತ್ತು. ಆದರೂ ಅಷ್ಟು ದೇಶಗಳ ಅಷ್ಟೂ ಜನ, ಸಿಗ್ನಲ್ ಸಿಗದ ಗೂಡ್ಸ್ ಗಾಡಿಯ ಹಾಗೆ, ಮಂಕಿ ಕ್ಯಾಪಿನ ಒಬ್ಬ ಮುದುಕಿಯ ಮುಂದೆ ಏದುಸಿರು ಬಿಡುತ್ತ ಸಾಲಾಗಿ ನಿಂತರು.

"ಏ, ನಿಂತರಲ್ಲೇ!" ಎಂದು ಅತ್ತೆಯೇ ಬೆರಗಾದರು.

ನಿಲ್ಲದವನು ಒಬ್ಬನೇ. ಒಬ್ಬ ಗಿಡ್ಡನೆಯವನು ಎಲ್ಲರನ್ನೂ ದಾಟಿ ಸೀದಾ ನುಗ್ಗಿದ. ಅವನ ದೇಶದ ರೈಲಿನಲ್ಲಿ ಅವನು ಅಡುಗೆಯವನಂತೆ, ಆಮೇಲೆ ಗೊತ್ತಾಯಿತು. ಎಮ್ಮೆಯೊಂದು ಕೊಂಬು ತಿರುಗಿಸಿದ್ದೇ ತಡ, ಅವನು ಔಡಲದ ಹೊಲಕ್ಕೆ ಹಾರಿ ಮಾಯವಾದ.

ಇತ್ತ ಅತ್ತೆಗೆ, ಬಂದವರನ್ನು ಬರಿದೇ ನಿಲ್ಲಿಸಿದ ಸಂಕೋಚ. ಕೆಂಪು ಮೀಸೆಯವನ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟೇಬಿಟ್ಟರು. ಅವನು ಅತ್ತಿತ್ತ ನೋಡಿ, ಒಂದೇ ಗುಟುಕಿಗೆ ಕುಡಿದ. ಒಗ್ಗರಣೆಯ ಹಸಿಮೆಣಸಿನಕಾಯಿಗೆ ಅವನ ಮುಖ ಮೀಸೆಯ ಬಣ್ಣಕ್ಕೆ ತಿರುಗಿತು. ಕೊನೆಯ ಎಮ್ಮೆ ದಾರಿಯ ಮಧ್ಯೆ ನಿಂತು, ಸಾವಕಾಶವಾಗಿ ಸಗಣಿ ಹಾಕಿತು. ಅಷ್ಟು ಹೊತ್ತೂ ಚಾಂಪಿಯನ್‌ಶಿಪ್ ಕಾಯಿತು.

"ಮಾತಾಜೀ, ಹರೀ ಝಂಡೀ!" ಎಂದು ನಮ್ಮ ದೇಶದವನು ಹಸಿರಿನ ಕಡೆ ಬೊಟ್ಟು ಮಾಡಿ ಕೈ ಮುಗಿದ. ಅತ್ತೆ ಹಸಿರು ಬೀಸಿದರು. ಎಲ್ಲರೂ ಸಗಣಿಯ ಮೇಲಿಂದ ಹಾರಿ ಓಡಿದರು.

ಓಟ ಮುಗಿದ ಮೇಲೆ ಉಸ್ತುವಾರಿ ಸಾಹೇಬರು ಜೀಪಿನಲ್ಲಿ ಬಂದರು, ಜೊತೆಗೆ ಬಿಳಿ ಹ್ಯಾಟಿನ ಒಬ್ಬ ವಿದೇಶಿ ತೀರ್ಪುಗಾರರು. ನಡುವೆ ಕೆಂಪು ಮೀಸೆಯವನೂ ಇದ್ದ. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ.

"ಲಾಲ್ ಕಿಸ್‌ನೇ ದಿಖಾಯಾ?" ಎಂದು ಸಾಹೇಬರು ಕೇಳಿದರು, ಕೆಂಪು ತೋರಿಸಿದ್ದು ಯಾರು ಎಂದು.

ಲಾಲ್ ಎಂಬುದೊಂದು ಅತ್ತೆಗೆ ಅರ್ಥವಾಯಿತು. "ನಾ ತೋರಿಸೀನಿ. ಎಮ್ಮಿ ದಾಟಾಕತ್ತಿದ್ದುವು. ಹೋಗಿ ಗುದ್ದಿದ್ರ ಇವರ ಎಲುಬು ಉಳೀತಿದ್ದುವೇನು? ಹೇಳು ಅವರಿಗೆ."

ಓಟಗಾರರ ಸುರಕ್ಷತೆಯ ಬಗ್ಗೆ ನನ್ನ ಅತ್ತೆಗೆ ಕಾಳಜಿ ಇತ್ತು ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ತೀರ್ಪುಗಾರರು ಮೀಸೆಯವನ ಕಡೆ ತಿರುಗಿದರು. ನಿನಗೇನಾದರೂ ದೂರು ಇದೆಯೇ ಎಂದು ಕೇಳಿದರು.

ಅವನು ಮೊದಲಿನಿಂದ ತನ್ನದಾಗಿದ್ದ ಮುನ್ನಡೆಯನ್ನು ಆ ನಿಲುಗಡೆಯಲ್ಲಿ ಪೂರ್ತಿ ಕಳೆದುಕೊಂಡು, ಎರಡನೆಯವನಾಗಿ ಮುಗಿಸಿದ್ದ. ದೂರು ಕೊಡಲು ಎಲ್ಲ ಕಾರಣವೂ ಇತ್ತು. ಅವನು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿದ: "ನಾನು ರೈಲು ಡ್ರೈವರ್. ಕೆಂಪು ಕಂಡರೆ ನಿಲ್ಲಬೇಕೇ ಎಂದು ಯೋಚಿಸುವುದಿಲ್ಲ. ಯೋಚಿಸುವುದರೊಳಗೆ ನಿಂತಿದ್ದೆ." ಆಮೇಲೆ ತಾನೇ ಜೋರಾಗಿ ನಕ್ಕ. ತೀರ್ಪುಗಾರರು ಹ್ಯಾಟು ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡರು, ಭುಜಗಳು ಕುಲುಕುತ್ತಿದ್ದವು. ಸಾಹೇಬರು ಏನು ಮಾಡುವುದೆಂದು ತಿಳಿಯದೆ ಸಣ್ಣದಾಗಿ ಸೀಟಿ ಊದಿದರು. ಫಲಿತಾಂಶ ಬದಲಾಗಲಿಲ್ಲ, ನನ್ನ ಕೆಲಸವೂ ಉಳಿಯಿತು.

ಅತ್ತೆ ಮಾತ್ರ ನಗಲಿಲ್ಲ. ಅವನು ಎರಡನೆಯವನಾದದ್ದು ತಮ್ಮಿಂದ ಎಂದು ಅವರಿಗೆ ತಿಳಿದಿತ್ತು. ಹತ್ತಿರ ಹೋಗಿ ಅವನ ಬೆವೆತ ತೋಳು ಹಿಡಿದುಕೊಂಡರು.

"ಬ್ಯಾಸರ ಮಾಡ್ಕೋಬ್ಯಾಡಪಾ. ನೀ ಮೊದಲ ನಿಂತಿ. ಅದಕ್ಕ ಉಳದಾವ್ರೂ ನಿಂತ್ರು. ಇಲ್ಲಾಂದ್ರ ಎಲ್ಲಾರೂ ಎಮ್ಮಿ ಕಾಲಾಗ ಇರತಿದ್ರಿ."

ಇದನ್ನು ಮಾತ್ರ ನಾನು ಒಂದು ಪದವನ್ನೂ ಬದಲಿಸದೆ ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಗು ನಿಲ್ಲಿಸಿ, ತಲೆ ಬಗ್ಗಿಸಿದ. ಕ್ಯಾನಿನಲ್ಲಿ ಇನ್ನೂ ಮಜ್ಜಿಗೆ ಇದೆಯೇ ಎಂದು ಸನ್ನೆಯಲ್ಲಿ ಕೇಳಿದ.

ಮರುದಿನ ಯಜಮಾನರು ಬರುವಾಗ ನಾನು ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ. ಎಮ್ಮೆಗಳ ಹಿಂದೆ ಓಡಿದ್ದು ಅಷ್ಟೇನೂ ದೂರವಲ್ಲ, ಆದರೆ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ಅವರು ಇಡೀ ಕಥೆ ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಅಂದಹಾಗ ಗೆದ್ದಾಂವ ಯಾರು?" ಎಂದರು.

ಅತ್ತೆಯೂ ನಾನೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ನೆನಪಿರಲಿಲ್ಲ.

"ಯಾರೋ ಒಬ್ಬಾಂವ," ಎಂದರು ಅತ್ತೆ. "ಆದ್ರ ಮುಂದಿನ ಎಮ್ಮಿ ಭಾಳ ಛಲೋ ಇತ್ತು ನೋಡು. ಎಷ್ಟು ಹಾಲ ಕೊಡತೈತಿ ಅಂತ ಕೇಳಬೇಕಿತ್ತು."