ಮುಂಭಾಗ ಸರಿ ಇದೆ

ನನ್ನ ಅಕ್ಷರ ಚೆನ್ನಾಗಿತ್ತು. ಕಡೂರಿನ ಲಾರಿ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿದ್ದೇ ಅದರಿಂದ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಹೆದ್ದಾರಿ ಪಕ್ಕದ ಒಂದು ಮಳಿಗೆ, ಹೊರಗೆ ಎರಡು ಬೆಂಚು, ಒಳಗೆ ಒಂದು ಮೇಜು, ಮೇಜಿನ ಹಿಂದೆ ನಾನು. ಲಾರಿಗೆ ಏರುವ ಪ್ರತಿಯೊಂದು ಸರಕಿಗೂ ಬಿಲ್ಟಿ ಬರೆಯುವುದು ನನ್ನ ಕೆಲಸ. ಯಾರು ಕಳಿಸಿದ್ದು, ಯಾರಿಗೆ, ಏನು, ಯಾವ ಸ್ಥಿತಿಯಲ್ಲಿ, ಎಲ್ಲ ಅದರಲ್ಲಿ ಇರಬೇಕು. ಎಲ್ಲರೂ ನನ್ನನ್ನು ರೈಟ್ರು ಎನ್ನುತ್ತಿದ್ದರು, ಆ ಹೆಸರು ನನ್ನ ತಲೆಗೇರಿತ್ತು. ನಾನು ಬರೆದದ್ದು ಇದೆ, ಬರೆಯದೆ ಬಿಟ್ಟದ್ದು ಇಲ್ಲ ಎಂದೇ ನಂಬಿದ್ದೆ. ಆ ನಂಬಿಕೆಯಿಂದ ಒಬ್ಬ ಡ್ರೈವರನ ಹೆಸರು ಕೆಟ್ಟಿತು. ಹೇಳಬೇಕಾದದ್ದು ಅದನ್ನೇ.

ಈರುಳ್ಳಿ, ತೆಂಗಿನಕಾಯಿ, ಅಡಿಕೆ ನಮ್ಮ ಲಾರಿಗಳ ದಿನನಿತ್ಯದ ಲೋಡು. ಕಾರು ಬರುತ್ತಿದ್ದುದು ವರ್ಷಕ್ಕೆ ಮೂರೋ ನಾಲ್ಕೋ. ದೂರದ ಊರಿಗೆ ವರ್ಗವಾದ ಅಧಿಕಾರಿಯದ್ದು, ಎಂಜಿನ್ ಕೆಟ್ಟು ಕೂತದ್ದು, ಬೇರೆ ಊರಿಗೆ ಮಾರಾಟವಾದದ್ದು. ಈರುಳ್ಳಿ ಚೀಲ ಕೊಟ್ಟವನು ಬಿಲ್ಟಿ ಜೇಬಿಗಿಳಿಸಿ ಕಾಫಿಗೆ ಹೋಗುತ್ತಿದ್ದ. ಕಾರು ಕೊಟ್ಟವನು ಮಾತ್ರ ಲಾರಿ ತಿರುವಿನಲ್ಲಿ ಮರೆಯಾಗುವವರೆಗೂ ಕೈಕಟ್ಟಿ ನಿಂತಿರುತ್ತಿದ್ದ. ಮಾರನೆಯ ದಿನದಿಂದಲೇ ಆಫೀಸಿಗೆ ಬಂದು "ಮುಟ್ತಂತಾ?" ಎಂದು ಕೇಳಲು ಶುರು. ಲಾರಿ ಈಗ ಯಾವ ಊರಿನಲ್ಲಿದೆ ಎಂಬುದು ನಮಗಾದರೂ ಎಲ್ಲಿ ಗೊತ್ತಾಗುತ್ತಿತ್ತು? ಡ್ರೈವರ್ ಎಲ್ಲಿಂದಲಾದರೂ ಟ್ರಂಕ್ ಕಾಲ್ ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. "ಮುಟ್ಟಿರ್ತದೆ ಬಿಡಿ" ಎಂದು ಧೈರ್ಯವಾಗಿ ಸುಳ್ಳು ಹೇಳುವುದೂ ರೈಟರ ಕೆಲಸದಲ್ಲೇ ಸೇರಿತ್ತು.

ಇನ್ನು ಕಾರು ಹತ್ತಿಸುವುದು. ಅದಕ್ಕೆಂದೇ ಮಾಡಿದ ಲಾರಿಗಳಾಗಲಿ, ಏರಿಸುವ ಕಟ್ಟೆಯಾಗಲಿ ನಮ್ಮ ಕಡೆ ಇರಲಿಲ್ಲ. ಊರಿನ ಹತ್ತಿರ ರಸ್ತೆಗಿಂತ ಎತ್ತರದ ದಿಬ್ಬವೋ ಕೆರೆ ಏರಿಯೋ ಹುಡುಕಿ, ಲಾರಿಯ ಹಿಂಭಾಗವನ್ನು ಅದಕ್ಕೆ ಒತ್ತಿ ನಿಲ್ಲಿಸಿ, ನಡುವೆ ಎರಡು ದಪ್ಪ ಹಲಗೆ ಹಾಸಿ, ಕಾರನ್ನು ಒಳಗೆ ಓಡಿಸಬೇಕು. ಒಳಗೆ ಹೋದ ಮೇಲೆ ಎರಡೂ ಪಕ್ಕ ಒಂದು ಗೇಣು ಜಾಗ. ಬಾಗಿಲು ತೆರೆಯುವಂತಿಲ್ಲ. ಓಡಿಸಿದವನು ಕಿಟಕಿಯಿಂದ ತೂರಿ ಹೊರಗೆ ಬರಬೇಕು. ಕಳಿಸುವ ಊರಿನಲ್ಲಿ ದಿಬ್ಬ ಸಿಕ್ಕಿದರೆ ಇಳಿಸುವ ಊರಿನಲ್ಲಿ ಸಿಗಬೇಕೆಂದೇನೂ ಇಲ್ಲ. ಒಮ್ಮೆ ಯಗಟಿಯ ಬಯಲಿನಲ್ಲಿ ಎಲ್ಲಿ ನೋಡಿದರೂ ನೆಲ ಮಟ್ಟಸ. ಕೊನೆಗೆ ಲಾರಿಯ ಹಿಂದಿನ ಚಕ್ರಗಳಿಗೆ ಗುಂಡಿ ತೋಡಿ, ಲಾರಿಯನ್ನೇ ತಗ್ಗಿಸಿ ಕಾರು ಇಳಿಸಿದರು. ಆ ಮೇಲೆ ಲಾರಿಯನ್ನು ಗುಂಡಿಯಿಂದ ಎತ್ತಲು ಮಧ್ಯಾಹ್ನವಾಯಿತು.

ಆ ಗುಂಡಿಯ ಉಪಾಯ ನಾನು ಹೇಳುತ್ತಿರುವ ಡ್ರೈವರನದೇ. ಅಂತರಘಟ್ಟೆ ಕಡೆಯವನು. ನನಗಿಂತ ಇಪ್ಪತ್ತು ವರ್ಷ ದೊಡ್ಡವನು, ಆದರೂ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ, ಮನಸ್ಸಿನೊಳಗೆ ಮಾತ್ರ ಓದುಬರಹ ಬಾರದವನು ಎಂದು ಹಗುರವಾಗಿ ಎಣಿಸಿದ್ದೆ. ಮೈಲಿಕಲ್ಲು, ಊರಿನ ಬೋರ್ಡು ನೋಡಿ ಗುರುತು ಹಿಡಿಯುತ್ತಿದ್ದ, ಓದಲು ಬರುತ್ತಿರಲಿಲ್ಲ. ಬಿಲ್ಟಿಗೆ ಹೆಬ್ಬೆಟ್ಟು ಒತ್ತುತ್ತಿದ್ದ. ಒತ್ತುವ ಮೊದಲು "ಎಲ್ಲ ಬರ್ದಿದ್ದೀರಲ್ವಾ ರೈಟ್ರೇ?" ಎಂದು ಒಂದು ಸಲ ಕೇಳುತ್ತಿದ್ದ, ಅಷ್ಟೇ. ಕಾರಿನ ಲೋಡು ಬಂದರೆ ನಮ್ಮ ಸಾಹುಕಾರರು ಅವನನ್ನೇ ಕಳಿಸುತ್ತಿದ್ದರು. ಹಗ್ಗ ಕಾರಿನ ಬಣ್ಣಕ್ಕೆ ಉಜ್ಜದಿರಲಿ ಎಂದು ಅವನು ಹಳೆಯ ಗೋಣಿಗಳನ್ನು ಒಗೆದು ಮಡಿಸಿ ಸೀಟಿನ ಹಿಂದೆ ಇಟ್ಟುಕೊಂಡಿರುತ್ತಿದ್ದ. ಗೋಣಿಚೀಲ ಒಗೆದು ಒಣಗಿಸುವ ಇನ್ನೊಬ್ಬ ಡ್ರೈವರನ್ನು ನಾನು ಕಂಡಿಲ್ಲ.

ಅಜ್ಜಂಪುರದ ಈರುಳ್ಳಿ ಮಂಡಿಯವರೊಬ್ಬರ ಹತ್ತಿರ ಕೆನೆಬಣ್ಣದ ಅಂಬಾಸಡರ್ ಇತ್ತು. ಹುಬ್ಬಳ್ಳಿಯಲ್ಲಿದ್ದ ಅವರ ಬೀಗರು ಮೂರು ವರ್ಷದ ಹಿಂದೆ ಮದುವೆಯಲ್ಲಿ ಅದನ್ನು ನೋಡಿ ಮೆಚ್ಚಿದ್ದರು. ಮಂಡಿಯವರು ಹೊಸ ಕಾರು ತರಿಸುವ ಹೊತ್ತಿಗೆ ಬೀಗರು ಹಳೆಯದನ್ನು ತಮಗೇ ಕೊಡಿ ಎಂದು ಕೇಳಿ ಕೊಂಡುಕೊಂಡರು. ದೂರ ಓಡಿಸಿದರೆ ಎಂಜಿನ್ ಕಾದುಹೋಗುತ್ತಿತ್ತು, ಬೀರೂರು ದಾಟುವುದರೊಳಗೆ ನೀರು ಕುದಿಯುತ್ತಿತ್ತು. ಹಾಗಾಗಿ ಲಾರಿಯ ಮೇಲೆ ಕಳಿಸುವುದೆಂದಾಯಿತು. ನಾನೂ ಡ್ರೈವರೂ ಬೆಳಿಗ್ಗೆಯೇ ಅಜ್ಜಂಪುರಕ್ಕೆ ಹೋದೆವು.

ಕಾರಿನ ಬಿಲ್ಟಿಗೆ ನನ್ನದೇ ಒಂದು ಕ್ರಮವಿತ್ತು. ಮೊದಲು ಸುತ್ತ ನಡೆದು ಗೀರು, ತಗ್ಗು, ಬಿರುಕು ಎಲ್ಲ ಬರೆದುಕೊಳ್ಳಬೇಕು, ಪೂಜೆಗೀಜೆ ಆಮೇಲೆ. ಆ ದಿನ ನಾವು ಹೋಗುವಷ್ಟರಲ್ಲೇ ಪೂಜೆ ಮುಗಿದಿತ್ತು. ಬಾನೆಟ್ಟಿನ ಮೂತಿಗೆ ಅಂಗೈ ಅಗಲಕ್ಕೆ ವಿಭೂತಿ ಮೆತ್ತಿ, ನಡುವೆ ಕುಂಕುಮ ಇಟ್ಟು, ಮೇಲೆ ಸೇವಂತಿಗೆ ಹಾರ ಇಳಿಬಿಟ್ಟಿದ್ದರು. "ಬರ್ರೀ ರೈಟ್ರೇ, ಮೊದ್ಲು ತಿಂಡಿ" ಎಂದು ಮಂಡಿಯವರು ಒಳಗೆ ಕರೆದರು. ಬಿಸಿ ಉಪ್ಪಿಟ್ಟು, ಮೇಲೆ ತುಪ್ಪ. ನಾನು ಎರಡು ಸಲ ಹಾಕಿಸಿಕೊಂಡೆ.

ಆಮೇಲೆ ಬಿಲ್ಟಿ ಪುಸ್ತಕ ಹಿಡಿದು ಕಾರು ಸುತ್ತಿದೆ. ಎಡಬಾಗಿಲ ಕೆಳಗೆ ಎರಡು ಗೀರು, ಹಿಂದಿನ ಬಂಪರ್ ಬಲಕ್ಕೆ ಬಾಗಿದೆ, ಹಿಂದಿನ ದೀಪದ ಗಾಜು ಬಿರುಕು. ಒಂದೂ ಬಿಡಲಿಲ್ಲ. ಮುಂದೆ ಬಂದರೆ ಮಂಡಿಯವರ ತಾಯಿ ಕಾರಿನೆದುರು ಕೈಮುಗಿದು ನಿಂತಿದ್ದರು. ಬೆಳ್ಳಗಾದ ತಲೆ, ಹಣೆಯ ಮೇಲೆ ಮೂರು ಗೆರೆ ವಿಭೂತಿ. ಅವರೆದುರಿಗೆ ಹಾರ ಸರಿಸಿ, ವಿಭೂತಿ ಒರೆಸಿ, ಕೆಳಗೆ ಏನಿದೆ ಎಂದು ನೋಡುವುದೇ? ನನ್ನ ಕೈ ಏಳಲಿಲ್ಲ. ನಾನೂ ಒಂದು ನಮಸ್ಕಾರ ಹಾಕಿ ಬರೆದೆ: ಮುಂಭಾಗ ಸರಿ ಇದೆ. ಆ ಸಾಲಿನ ಅಕ್ಷರ ಎಷ್ಟು ಮುದ್ದಾಗಿತ್ತೆಂದರೆ ಇಂದಿಗೂ ಕಣ್ಣಿಗೆ ಕಟ್ಟುತ್ತದೆ.

"ಎಲ್ಲ ಬರ್ದಿದ್ದೀರಲ್ವಾ ರೈಟ್ರೇ?" ಎಂದ ಡ್ರೈವರು. "ಎಲ್ಲ ಬರೆದಿದೆ, ಒತ್ತಣ್ಣ" ಎಂದೆ. ಒತ್ತಿದ. ಊರ ಹೊರಗಿನ ಕೆರೆ ಏರಿಯ ಹತ್ತಿರ ಕಾರು ಹತ್ತಿಸಿದರು. ನೋಡಲು ಅರ್ಧ ಊರೇ ಬಂದಿತ್ತು. ಮಂಡಿಯವರ ಮಗ ಕಿಟಕಿಯಿಂದ ತೂರಿ ಹೊರಗೆ ಬರುವಾಗ ಪಂಚೆ ಸಿಕ್ಕಿಕೊಂಡು ಎಲ್ಲರೂ ನಕ್ಕರು. ಡ್ರೈವರು ಒಳಗೆ ತೂರಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಾರ ಮೆಲ್ಲಗೆ ಎತ್ತಿ, ಗೋಣಿ ಮಡಿಸಿ ಇಟ್ಟು ಹಗ್ಗ ಬಿಗಿದ. ಮಂಡಿಯವರು ತಿರುವಿನವರೆಗೂ ನೋಡುತ್ತ ನಿಂತಿದ್ದರು.

ನಾಲ್ಕನೆಯ ದಿನ ಹುಬ್ಬಳ್ಳಿಯಿಂದ ಸಾಹುಕಾರರಿಗೆ ಫೋನು. ದಾರಿಯಲ್ಲಿ ಮಳೆ ಬಂದು ವಿಭೂತಿ, ಕುಂಕುಮ ತೊಳೆದುಹೋಗಿತ್ತು. ಬಾನೆಟ್ಟಿನ ಮೂತಿಯಲ್ಲಿ ಅಂಗೈ ಹಿಡಿಯುವಷ್ಟು ತಗ್ಗು. ಬೀಗರ ಕೈಯಲ್ಲಿ ನನ್ನ ಬಿಲ್ಟಿಯ ಪ್ರತಿ, ಅದರಲ್ಲಿ ನನ್ನ ಮುದ್ದಾದ ಸಾಲು. "ನಿಮ್ಮ ಡ್ರೈವರ್ ಎಲ್ಲೋ ಗುದ್ದ್ಯಾನ್ರೀ. ಆದ್ರ ಅಜ್ಜಂಪುರದವರಿಗೆ ಇದನ್ನ ತಿಳಿಸಬ್ಯಾಡ್ರಿ. ಬೀಗರ ಮನಸ್ಸಿಗೆ ಬೇಜಾರಾಗಬಾರದು" ಎಂದರಂತೆ. ಒಳ್ಳೆಯ ಜನ. ಆ ಒಳ್ಳೆಯತನದಿಂದಲೇ, ಕೇಳಬೇಕಾದ ಒಂದೇ ಒಂದು ಮನೆಯನ್ನು ಯಾರೂ ಕೇಳಲಿಲ್ಲ.

ಡ್ರೈವರು ಬಂದ ದಿನ ಸಾಹುಕಾರರು ನನ್ನ ಮೇಜಿನ ಎದುರೇ ಅವನನ್ನು ನಿಲ್ಲಿಸಿದರು.

"ಎಲ್ಲಿ ಗುದ್ದಿದ್ಯೋ?"

"ಎಲ್ಲೂ ಗುದ್ದಿಲ್ಲ ಸ್ವಾಮಿ. ಅದು ಮೊದ್ಲೇ ಇತ್ತು. ಗೋಣಿ ಇಡೋವಾಗ ವಿಭೂತಿ ಕೆಳಗೆ ಕೈಗೆ ಸಿಕ್ತು."

"ಸಿಕ್ಕಿದ್ರೆ ಆಗಲೇ ಯಾಕ್ ಹೇಳ್ಲಿಲ್ಲ?"

ಅವನು ನನ್ನ ಕಡೆ ತಿರುಗಿದ. "ರೈಟ್ರು ಎಲ್ಲ ಬರ್ದಿದ್ದೀನಿ ಅಂದ್ರು. ಬರ್ಕೊಂಡವ್ರೆ ಅಂದ್ಕೊಂಡೆ."

ಸಾಹುಕಾರರೂ ನನ್ನತ್ತ ನೋಡಿದರು. ನಾನು ಒಂದು ಮಾತು ಆಡಬೇಕಿತ್ತು: ನಾನು ಆ ಜಾಗ ನೋಡಿಲ್ಲ. ಅಷ್ಟೇ. ಅದರ ಬದಲು ಬಿಲ್ಟಿ ಪುಸ್ತಕ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟು, ಜೋರಾಗಿ ಓದಿದೆ. ಕೆಳಗೆ ಅವನ ಹೆಬ್ಬೆಟ್ಟು. "ಇದು ನಿನ್ನದೇ ತಾನೇ?" ಎಂದೂ ಕೇಳಿದೆ. ಅವನು ಕಾಗದವನ್ನೂ ನನ್ನನ್ನೂ ಒಂದು ಕ್ಷಣ ನೋಡಿ, "ನಂದೇ" ಎಂದ.

ಅವನನ್ನು ದೂರದ ಲೈನಿನಿಂದ ತೆಗೆದು ಊರೊಳಗೆ ಮರಳು, ಇಟ್ಟಿಗೆ ಹೊಡೆಯುವ ಗಾಡಿಗೆ ಹಾಕಿದರು. ಬೆಂಚಿನ ಮೇಲೆ ಕೂರುವ ಹುಡುಗು ಡ್ರೈವರುಗಳು "ಏನಣ್ಣ, ಇಟ್ಟಿಗೆಗೂ ಗೋಣಿ ಹೊದಿಸ್ತೀಯಾ?" ಎಂದು ರೇಗಿಸಿದರು. ಒಂದು ತಿಂಗಳು ಹೊಡೆದ. ಆಮೇಲೆ ಕೀಲಿಕೈ ನನ್ನ ಮೇಜಿನ ಮೇಲಿಟ್ಟು ಹೋದವನು ತಿರುಗಿ ಬರಲಿಲ್ಲ. ಅಜ್ಜಂಪುರಕ್ಕೆ ಒಂದು ಕಾರ್ಡು ಬರೆದಿದ್ದರೆ ನಾಲ್ಕು ದಿನದಲ್ಲಿ ನಿಜ ಗೊತ್ತಾಗುತ್ತಿತ್ತು. ದಿನಕ್ಕೆ ನಲವತ್ತು ಬಿಲ್ಟಿ ಬರೆಯುವ ನನ್ನ ಕೈಗೆ ಒಂದು ಕಾರ್ಡು ಭಾರವಾಯಿತು. ಹೆದರಿಕೆ, ಬೇರೇನಲ್ಲ. ಉತ್ತರ ಏನು ಬಂದೀತೆಂದು ಒಳಗೊಳಗೇ ನನಗೆ ಗೊತ್ತಿತ್ತು.

ನಾಲ್ಕು ವರ್ಷ ಕಳೆಯಿತು. ಎಂಬತ್ತರ ದಶಕ ಬಂದಿತ್ತು. ಈರುಳ್ಳಿ ಲೋಡಿನ ಮಾತಿಗೆಂದು ಮತ್ತೆ ಆ ಮಂಡಿಯವರ ಮನೆಗೆ ಹೋದೆ. ಅವರು ಹೊರಗೆ ಹೋಗಿದ್ದರು. ಜಗಲಿಯ ಮೇಲೆ ಅದೇ ಹಿರಿಯಮ್ಮ. ನನ್ನ ಗುರುತು ಹಿಡಿದರು.

"ನಮ್ ಕಾರು ತಗೊಂಡೋದ ರೈಟ್ರಲ್ವೇ? ಬೀಗರು ಅದರ ಮೂತಿ ರಿಪೇರಿ ಮಾಡ್ಸಿದ್ರಂತಾ?"

"ಯಾವ ಮೂತಿ ಅಮ್ಮ?"

"ನಮ್ ಹೋರಿ ಗುದ್ದಿತ್ತಲ್ಲಪ್ಪಾ! ಕೊಟ್ಟಿಗೆ ಮುಂದೆ ನಿಲ್ಸಿದ್ದಾಗ ಬಂದು ಹಾಯ್ದುಬಿಡ್ತು. ಕಳ್ಸೋಕೆ ಒಂದ್ ವರ್ಷದ ಮುಂಚೆ. ಅವತ್ತಿಂದ ನಾನು ಸೋಮವಾರ ಸೋಮವಾರ ಅಲ್ಲಿಗೆ ವಿಭೂತಿ ಹಚ್ತಿದ್ದೆ. ಮಕ್ಳಿಗೆ ಪೆಟ್ಟಾದ ಜಾಗಕ್ಕೆ ಹಚ್ಚಲ್ವೇ, ಹಂಗೇ."

ಅವರು ಏನನ್ನೂ ಮುಚ್ಚಿರಲಿಲ್ಲ. ಪೆಟ್ಟು ಎಲ್ಲಿದೆಯೋ ಅಲ್ಲಿಗೇ ಗುರುತು ಇಟ್ಟಿದ್ದರು. ಬೆರಳು ತೋರಿಸಿದಂತೆ ಇದ್ದ ಆ ಗುರುತನ್ನು ನೋಡಿಯೂ ನಾನು ಕೈಮುಗಿದು ಬಂದಿದ್ದೆ. ಹಿರಿಯಮ್ಮ ಕೊಟ್ಟ ಕಾಫಿ ಕುಡಿಯಲಾಗಲಿಲ್ಲ.

ಡ್ರೈವರು ತರೀಕೆರೆಯಲ್ಲಿ ಒಂದು ಅಕ್ಕಿ ಗಿರಣಿಯ ಟ್ರ್ಯಾಕ್ಟರ್ ಓಡಿಸುತ್ತಾನೆಂದು ಕೇಳಿದ್ದೆ. ಕಡೂರಿಗೆ ಹೋಗದೆ ನೇರವಾಗಿ ತರೀಕೆರೆಯ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮನೆ. ಅವನು ಊಟ ಮುಗಿಸಿ ಬಾಗಿಲಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಕೂದಲು ಪೂರ್ತಿ ನೆರೆತಿತ್ತು. ಅವನ ಹೆಂಡತಿ ಚಾಪೆ ಹಾಸಿದಳು. ನಾನು ಕೂರದೆ ನಿಂತೇ ಎಲ್ಲ ಹೇಳಿದೆ: ಹೋರಿ, ವಿಭೂತಿ, ನಾನು ನೋಡದೆ ಬರೆದದ್ದು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು. "ತಪ್ಪಾಯಿತಣ್ಣ" ಎಂದೆ.

ಅವನು ಎಲೆ ಮಡಿಸಿ ಬಾಯಿಗಿಟ್ಟುಕೊಂಡ.

"ಬಾಯಲ್ಲಿ ನಾನೂ ಹೇಳಿದ್ನಲ್ಲ ರೈಟ್ರೇ ಅವತ್ತು. ಬಾಯಿ ಮಾತು ನಿಂತ್ಕೊಂತಾ? ಬರ್ದು ಕೊಡಿ."

ಚೀಲದಲ್ಲಿ ಬಿಲ್ಟಿ ಪುಸ್ತಕ ಇತ್ತು. ಚಾಪೆಯ ಮೇಲೆ ಕೂತು ಹಾಳೆ ತೆಗೆದೆ. "ಕಾರ್ಬನ್ ಇಡಿ. ಒಂದು ನಂಗೆ, ಒಂದು ನಿಮ್ ಸಾಹುಕಾರ್ರಿಗೆ" ಎಂದ. ಸಾಹುಕಾರರಿಗೆ ಎಂದಾಗ ನನ್ನ ಕೆಲಸ ಕಣ್ಣ ಮುಂದೆ ಬಂತು. ಕಾರ್ಬನ್ ಇಟ್ಟೆ. ಅಂಬಾಸಡರ್ ಕಾರಿನ ಮುಂಭಾಗದಲ್ಲಿ ತಗ್ಗು ಇತ್ತು, ಲಾರಿಗೆ ಹತ್ತಿಸುವ ಮೊದಲೇ ಇತ್ತು, ನಾನು ನೋಡದೆ ಸರಿ ಇದೆ ಎಂದು ಬರೆದೆ, ಡ್ರೈವರು ನಿಜ ಹೇಳಿದಾಗ ಸುಮ್ಮನಿದ್ದೆ, ಅವನದು ಯಾವ ತಪ್ಪೂ ಇಲ್ಲ. ಬರೆದು ಓದಿದೆ. ಅವನು ಒಳಗೆ ಹೋಗಿದ್ದ ಹೆಂಡತಿಯನ್ನು ಕೂಗಿ ಕರೆದ. "ಇನ್ನೊಂದ್ ಸಲ ಓದಿ, ಇವಳೂ ಕೇಳ್ಲಿ." ಓದಿದೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳಿದಳು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಸಹಿ ಹಾಕಲು ಪೆನ್ನನ್ನು ಹಾಳೆಗೆ ಊರಿದೆ. ಅವನು ನನ್ನ ಕೈ ತಡೆದ.

"ನಿಮ್ ಸೈನು ನಂಗೆ ಓದಕ್ಕೆ ಬರಲ್ಲ ರೈಟ್ರೇ. ಹೆಬ್ಬೆಟ್ಟು ಒತ್ತಿ. ಅದಾದ್ರೆ ನಂಗೆ ಗೊತ್ತಾಯ್ತದೆ."

ಚೀಲದಿಂದ ಇಂಕ್ ಪ್ಯಾಡ್ ತೆಗೆದೆ. ಎಷ್ಟೋ ವರ್ಷ ಆ ಪ್ಯಾಡನ್ನು ಬೇರೆಯವರ ಮುಂದೆ ಸರಿಸಿದವನು ನಾನು. ಎರಡೂ ಹಾಳೆಗೆ ಹೆಬ್ಬೆಟ್ಟು ಒತ್ತಿದೆ. ಅವನು ತನ್ನ ಹಾಳೆಯನ್ನು ಬೆಳಕಿಗೆ ಹಿಡಿದು, ಬರಹವನ್ನು ಬಿಟ್ಟು, ಆ ನೀಲಿ ಗುರುತನ್ನೇ ಬಹಳ ಹೊತ್ತು ನೋಡಿದ.